ಎಡಗಾಲಿನದು

ಬ್ರೆಡ್ಡಿನ ಹಳೇ ಚೀಲದಲ್ಲಿ ಸುತ್ತಿ ತಂದಿದ್ದಳು ಸೈಮಿಯ ಮಗಳು,
ಮೇಜಿನ ಮೇಲಿಟ್ಟಾಗ ಧಡ್ ಎಂದಿತು.
"ದೊಡ್ಡಮ್ಮ ಲೆಂಪಿಯದು. ಎಡಗಾಲಿನದು. ಇದೊಂದೇ."

ಕೈಗವಸು ಹಾಕಿಕೊಂಡೆ.
ಮೂವತ್ತು ವರ್ಷ ಈ ನೆಲಮಾಳಿಗೆಯಲ್ಲಿ
ಯಾರದೋ ಮೆಟ್ಟು, ಯಾರದೋ ಹಲ್ಲುಸೆಟ್ಟು,
ಯಾರದೋ ಒಂದೇ ದಿನ ಉಟ್ಟ ಮದುವೆಬಟ್ಟೆ
ಮುಟ್ಟಿ ಮುಟ್ಟಿ ನನ್ನ ಬೆರಳಿಗೆ ಬಾಯಿ ಬಂದಿದೆ.
ತಲೆಯ ಮಟ್ಟದ ಕಿಟಕಿಗೆ ಸುಪೀರಿಯರ್ ಸರೋವರದ ಗಾಳಿ
ಉಪ್ಪಿಲ್ಲದ ಕಡಲಿನ ಹಾಗೆ ಬಡಿಯುತ್ತಲೇ ಇರುತ್ತದೆ.

ಖಾನೆಗಳಿರುವ ಕಾಗದ ತೆಗೆದೆ.
ವಸ್ತು: ಸ್ಕೇಟು.
ಸಾಮಗ್ರಿ: ತೊಗಲು, ಉಕ್ಕು, ಹಿತ್ತಾಳೆಯ ಕಣ್ಣು ಹನ್ನೆರಡು,
ಎರಡು ಕಿತ್ತುಹೋಗಿವೆ.
ಲೇಸಿನ ಬದಲು ಮೀನುಬಲೆಯ ಹುರಿ.
ಬಳಸಿದವರು: ಗಂಡಸು, ಹೆಂಗಸು, ಒಂದಕ್ಕೆ ಗುರುತು ಹಾಕಿ.
ಪೆನ್ನು ಅಲ್ಲಿ ನಿಂತಿತು.

ಅಳತೆ ಗಂಡಸಿನದು, ಒಂಬತ್ತು.
ಹಿಮ್ಮಡಿಯಲ್ಲಿ ಚಾಕುವಿನಿಂದ ಕೆತ್ತಿದ ಎರಡಕ್ಷರ, ಅವಳವಲ್ಲ.
"ಅಣ್ಣ ತೌನೋ," ಅಂದಳು ಆಕೆ.
ಚಳಿ ಬಿತ್ತೆಂದರೆ ಅವನು ಮರ ಕಡಿಯಲು ಕಾಡಿಗೆ,
ಸ್ಕೇಟು ಮೊಳೆಗೆ.
ಬೋರ್ಡಿಂಗ್ ಮನೆಯಲ್ಲಿ ನಲವತ್ತು ಗಂಡಸರ
ಹಾಸಿಗೆಬಟ್ಟೆ ಕುದಿಸುತ್ತಿದ್ದ ಲೆಂಪಿ
ಸ್ಟೂಲು ಹತ್ತಿ ಇಳಿಸಿಕೊಂಡಳು. ಕೇಳಲಿಲ್ಲ.
ಮುಂಗಾಲಿಗೆ ಪೇಪರು ತುರುಕಿದಳು.

ಹಾಲಿಗೆ ಹೆಪ್ಪು ಹಾಕಿಟ್ಟಂತೆ
ರಾತ್ರಿ ಬೆಳಗಾಗುವುದರೊಳಗೆ ಕೊಲ್ಲಿ ಗಟ್ಟಿಯಾದ ವಾರ
ಒಂಬತ್ತು ಹುಡುಗಿಯರು ಕೋಲು ಹಿಡಿದು ಇಳಿದರು.
ಉಣ್ಣೆಯ ಲಂಗ. ಗಾಳಿಗೆ ಹಾರದ ಹಾಗೆ
ಅಂಚಿನೊಳಗೆ ಹೊಲಿದ ಸೀಸದ ಗುಂಡು.
ದಡದಲ್ಲಿ ನಿಂತವರು ಲಂಗ ನೋಡಲೆಂದೇ ಬಂದವರು,
ಮೊದಲ ಗೋಲಿನ ತನಕ.

ವಸಂತಕ್ಕೆ ತೌನೋ ಬಂದ. ಅಲಗು ಸವೆದದ್ದು ಕಂಡ.
ಏನೂ ಅನ್ನಲಿಲ್ಲ;
ಆ ಮನೆಯಲ್ಲಿ ಮಾತು ಬೆಣ್ಣೆಗಿಂತ ತುಟ್ಟಿ.
ಮತ್ತೆ ಕಾಡಿಗೆ ಹೊರಡುವ ಹಿಂದಿನ ಸಂಜೆ
ಎರಡೂ ಅಲಗಿಗೆ ಸಾಣೆ ಹಿಡಿದ,
ಗೋಡೆಯ ಮೊಳೆ ಕಿತ್ತು
ಎರಡು ಗೇಣು ಕೆಳಗೆ ಹೊಡೆದ.

ಅಷ್ಟೆ.

ಭೂತಗನ್ನಡಿ ಹಿಡಿದರೆ ಈಗಲೂ ಕಾಣುತ್ತವೆ
ನಿಧಾನದ ಕೈ ಎಳೆದ ಉದ್ದನೆಯ ಗೆರೆಗಳು.
ಅವುಗಳ ಮೇಲೆ ಅಡ್ಡಾದಿಡ್ಡಿ, ಅವಸರದ, ಇನ್ನೊಂದು ಕೈ:
ಪಂದ್ಯಕ್ಕೆ ಹೊತ್ತಾಯಿತೇನೋ,
ಒಲೆಯ ಮೇಲೆ ಹಾಸಿಗೆಬಟ್ಟೆ ಉಕ್ಕುತ್ತಿತ್ತೇನೋ.

"ಬಲಗಾಲಿನದು?" ಎಂದೆ.
ನಕ್ಕಳು. ಮದುವೆಯಾದ ವರ್ಷ ಲೆಂಪಿ ಅದನ್ನು
ಕಮ್ಮಾರನಿಗೆ ಕೊಟ್ಟು ಅಲಗು ಬಿಚ್ಚಿಸಿದಳಂತೆ,
ಬರ್ಚ್ ಮರದ ಹಿಡಿ ಹಾಕಿಸಿದಳಂತೆ.
"ಎಲೆಕೋಸು ಹೆಚ್ಚುವ ಕತ್ತಿ. ನನ್ನ ಅಡುಗೆಮನೆಯಲ್ಲಿದೆ.
ಅದು ಮಾತ್ರ ಕೇಳಬೇಡ. ಇವತ್ತಿನ ಸೂಪಿಗೇ ಬೇಕು."
ಚೀಲ ಮಡಚಿ ಕೋಟಿನ ಜೇಬಿಗಿಟ್ಟುಕೊಂಡು ಹೋದಳು,
ಚೀಲವನ್ನೂ ಬಿಡಲಿಲ್ಲ.

ಹಳೇ ಪೇಪರು ಹುಳಿ, ತೊಗಲನ್ನು ತಿನ್ನುತ್ತದೆ,
ತೆಗೆಯತಕ್ಕದ್ದು, ಎನ್ನುತ್ತದೆ ನಿಯಮ.
ಚಿಮಟದಲ್ಲಿ ಹಿಡಿದು ಎಳೆದೆ.
ಬಂತು ಕಂದು ಬಣ್ಣದ ಉಂಡೆ,
ಐದು ಬೆರಳು ಒತ್ತಿ ಒತ್ತಿ ಮಾಡಿದ ಐದು ಗುಳಿ.
ಫಿನ್ನಿಷ್ ಅಕ್ಷರ. ಬೆಣ್ಣೆಯ ಧಾರಣೆ,
ಅರ್ಧ ಹರಿದ ಒಂದು ಹಡಗಿನ ಹೆಸರು,
ಮನೆಗೆಲಸಕ್ಕೆ ಹುಡುಗಿ ಬೇಕಾಗಿದ್ದಾಳೆ,
ಸಂಬಳ ಇದ್ದ ಜಾಗದಲ್ಲಿ
ಹೆಬ್ಬೆರಳು ಮಸಿ ಉಜ್ಜಿಹಾಕಿದೆ.
ಅದಕ್ಕೊಂದು ಬೇರೆ ಡಬ್ಬಿ, ಬೇರೆ ನಂಬರು.
ತೆರವಾದ ಜಾಗಕ್ಕೆ ಹುಳಿಯಿಲ್ಲದ ಬಿಳೀ ಕಾಗದ ತುಂಬಿದೆ.
ನಿಲುವು ಸರಿಯಾಯಿತು. ಕಾಲು ಯಾರದೂ ಅಲ್ಲದಾಯಿತು.

ಮೇಲಿನ ಹಜಾರದಲ್ಲಿ ದೀಪ ಆರಿಸುವ ಸದ್ದು.
ಕಾಗದ ಹತ್ತಿರಕ್ಕೆಳೆದು
ಹೆಂಗಸು ಎಂಬಲ್ಲಿ ಗುರುತು ಹಾಕಿದೆ.
ಅಳತೆ: ಅವಳಿಗೆ ದೊಡ್ಡದು.
ಷರಾ: ಎಡಗಾಲಿನದು ಸಂಗ್ರಹದಲ್ಲಿದೆ,
ಬಲಗಾಲಿನದು ಬಳಕೆಯಲ್ಲಿದೆ.